ಮೂರು ಗೇಣಿನ ಕೊಪ್ಪರಿಗೆ

ನನ್ನ ಹಳೆ ಡೈರಿಯಲ್ಲಿ ೧೯೭೧ನೇ ಇಸವಿ ನವೆಂಬರ್ ೧೮, ಗುರುವಾರದ ಪುಟ ಹೀಗೆ ಶುರುವಾಗುತ್ತದೆ: ಅಪ್ಪ ಬಂದಿದ್ದರು. ಮಧ್ಯಾಹ್ನ ಊಟಕ್ಕೆ ಕೂತರು. ಎರಡನೇ ಸಲ ಅನ್ನ ಬಡಿಸಲು ಹೋದೆ. ಸಾಕು ಮಗಳೇ ಅಂದರು. ನಿಲ್ಲಿಸಿದೆ. ಕೈ ತೊಳೆದು ನಾಲ್ಕೂವರೆ ಬಸ್ಸಿಗೆ ಹೊರಟರು.

ಪುಟ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ನಮ್ಮತ್ತೆ, ಅಂದರೆ ನಿನ್ನ ಮುತ್ತಜ್ಜಿ ಕೆಂಪಮ್ಮನವರು, ನನ್ನನ್ನು ಕರೆದು ಅಪ್ಪ ಉಂಡೆದ್ದ ಎಲೆ ತೋರಿಸಿದರು. ಏನು ಕಾಣ್ತದೆ, ಬಿ.ಎ. ಓದಿದೋಳೆ? ಅಂದರು. ಏನೂ ಇಲ್ಲವಲ್ಲ ಅತ್ತೆ, ಎಲೆ ಖಾಲಿ ಇದೆ ಅಂದೆ. ಅದನ್ನೇ ನಾನೂ ಹೇಳ್ತಿರೋದು, ಒಗ್ಗರಣೆ ಕರಿಬೇವನ್ನೂ ಬಿಟ್ಟಿಲ್ಲ ನಿಮ್ಮಪ್ಪ, ಹೊಟ್ಟೆ ತುಂಬಿದೋರು ಯಾರಾದರೂ ಕರಿಬೇವು ತಿಂತಾರಾ? ಅಂದರು. ಆಮೇಲೆ ಮೂರು ಡಬ್ಬಿಯ ಕ್ಯಾರಿಯರ್ ಕೆಳಗಿಳಿಸಿ, ಅದಕ್ಕೆ ಅನ್ನ ತುಂಬುತ್ತ ತುಂಬುತ್ತ ಈ ಕತೆ ಹೇಳಿದರು. ನಾನು ಅವತ್ತೇ ಬರೆದಿಟ್ಟೆ. ಇವತ್ತು ನೀನು ಎದುರುಮನೆಯಲ್ಲಿ ಹೋಳಿಗೆ ಕೊಟ್ಟರೆ ಬೇಡ ಆಂಟಿ ಅಂದುಬಿಟ್ಟು, ಇಲ್ಲಿ ಬಂದು ಮುಖ ಊದಿಸಿಕೊಂಡು ಕೂತಿದ್ದೆಯಲ್ಲ ಹಿಮಾ, ಅದಕ್ಕೇ ನೆನಪಾಯಿತು. ಕಾಲು ಚಾಚಿ ಮಲಗು. ಹೂಂ ಅನ್ನುತ್ತಿರು. ಹೂಂ ನಿಂತರೆ ನಿದ್ದೆ ಬಂತು ಅಂತ ತಿಳಿದುಕೊಳ್ಳುತ್ತೇನೆ.

ಒಂದಾನೊಂದು ಕಾಲದಲ್ಲಿ, ಬಸ್ಸೂ ಇಲ್ಲದ ಕ್ಯಾರಿಯರೂ ಇಲ್ಲದ ಕಾಲದಲ್ಲಿ, ಎರಡು ಗಾಡಿದಾರಿ ಕೂಡುವ ಕಡೆ ಒಂದು ಹುಣಸೆತೋಪು, ತೋಪಿನೊಳಗೆ ಒಂದು ಛತ್ರ, ಆ ಛತ್ರದಲ್ಲಿ ಹೊನ್ನಜ್ಜಿ ಅಂತ ಒಬ್ಬಳು ಮುದುಕಿ ಇದ್ದಳಂತೆ. ದಾರಿಹೋಕರಿಗೆ ಊಟ ಹಾಕುವುದೇ ಅವಳ ಕೆಲಸವಂತೆ. ಅವಳ ಹತ್ತಿರ ಒಂದು ತಾಮ್ರದ ಕೊಪ್ಪರಿಗೆ ಇತ್ತಂತೆ, ಸರಿಯಾಗಿ ಮೂರು ಗೇಣು ಆಳ. ಯಾವಳೋ ಒಬ್ಬಳು ದಾರಿಹೋಕಳು ಉಂಡು ತಣಿದು ಕೊಟ್ಟುಹೋದದ್ದಂತೆ. ಬೆಳಿಗ್ಗೆ ಒಂದು ಸೇರು ಅಕ್ಕಿ ಹಾಕಿದರೆ ಸಾಕು, ನೂರು ಜನ ಉಂಡರೂ ಅನ್ನ ಕಂಠದಿಂದ ಕೆಳಗೆ ಇಳಿಯುತ್ತಿರಲಿಲ್ಲವಂತೆ. ಆದರೆ ಕೊಟ್ಟವಳು ಒಂದು ಮಾತು ಹೇಳಿದ್ದಳಂತೆ, ಈ ಪಂಕ್ತಿಯಿಂದ ಯಾರೂ ಹಸಿದು ಏಳಬಾರದು, ಯಾರೂ ನೊಂದು ಏಳಬಾರದು, ಒಬ್ಬರು ಹಾಗೆ ಎದ್ದರೆ ಅನ್ನ ಒಂದು ಗೇಣು ಇಳಿಯುತ್ತದೆ, ಮೂರು ಗೇಣೂ ಇಳಿದರೆ ಆಮೇಲೆ ಇದು ಬರೀ ಪಾತ್ರೆ ಅಂತ.

ಹೊನ್ನಜ್ಜಿ ನಲವತ್ತು ವರ್ಷ ಬಡಿಸಿದಳಂತೆ, ಒಂದು ಬೆರಳೂ ಇಳಿಯಲಿಲ್ಲವಂತೆ. ಆಮೇಲೆ ಅವಳಿಗೆ ಕೈ ನಡುಕ ಬಂತಂತೆ, ಸೌಟು ಹಿಡಿದರೆ ಸಾರು ಎಲೆಗೆ ಅರ್ಧ, ನೆಲಕ್ಕೆ ಅರ್ಧ. ಅವಳಿಗೆ ಮೂರು ಜನ ಗಂಡುಮಕ್ಕಳು, ಮೂವರು ಸೊಸೆಯರು. ಸೊಸೆಯರನ್ನು ಕರೆದು, ಒಂದೊಂದು ದಿನ ಒಬ್ಬೊಬ್ಬರು ಸೌಟು ಹಿಡೀರಿ, ಯಾರ ಕೈಯಲ್ಲಿ ಕೊಪ್ಪರಿಗೆ ನಿಲ್ತದೋ ಅವಳದೇ ಈ ಸೌಟು ಅಂದಳಂತೆ.

ಮೊದಲನೇ ದಿನ ಹಿರಿಸೊಸೆ ಬೋರಮ್ಮ. ಒಳ್ಳೆಯವಳೇ, ಆದರೆ ಕಿವಿಗೆ ಬಿದ್ದದ್ದು ಬಿಟ್ಟರೆ ಬೇರೇನನ್ನೂ ನಂಬುವವಳಲ್ಲವಂತೆ. ಅವತ್ತು ಪಂಕ್ತಿಯಲ್ಲಿ ಒಬ್ಬ ಹೊಸ ಅಳಿಯ ಕೂತಿದ್ದನಂತೆ, ಮದುವೆಯಾಗಿ ಎಂಟೇ ದಿನ, ಎಡಕ್ಕೆ ಮಾವ, ಬಲಕ್ಕೆ ಭಾವಮೈದ. ಬೆಳಗಿನಿಂದ ಹನ್ನೆರಡು ಮೈಲಿ ನಡೆದು ಬಂದಿದ್ದಾನೆ, ಹೊಟ್ಟೆ ಬೆನ್ನಿಗೆ ಹತ್ತಿದೆ. ಬೋರಮ್ಮ ಒಂದು ಸಲ ಬಡಿಸಿ ಇನ್ನೊಂದು ಸಲ ಬಂದರೆ, ಮಾವನ ಮುಖ ನೋಡಿ, ಸಾಕು ಸಾಕು ಅಂದನಂತೆ. ಕೈಯನ್ನೂ ಅಡ್ಡ ಹಿಡಿದನಂತೆ, ಆದರೆ ಎಲೆಗಿಂತ ಒಂದು ಗೇಣು ಮೇಲೆ, ಐದು ಬೆರಳನ್ನೂ ಅಗಲಿಸಿಕೊಂಡು, ಆ ಸಂದಿಯಲ್ಲಿ ಒಂದು ಮುದ್ದೆ ಸಲೀಸಾಗಿ ಇಳಿದುಹೋಗುತ್ತಿತ್ತು. ಸರಿ ಬಿಡಪ್ಪ ಅಂತ ಬೋರಮ್ಮ ಮುಂದಕ್ಕೆ ಹೋದಳಂತೆ. ಹುಡುಗನ ಕಣ್ಣು ಸೌಟಿನ ಹಿಂದೆಯೇ ಹೋಯಿತಂತೆ, ಪಂಕ್ತಿಯ ಕೊನೆವರೆಗೂ. ಆಮೇಲೆ ಅವನು ಎದ್ದ, ಒಳಗೆ ಕೊಪ್ಪರಿಗೆ ಗುಡುಕ್ ಅಂತಂತೆ, ಅನ್ನ ಒಂದು ಗೇಣು ಇಳಿಯಿತಂತೆ.

ಹೊನ್ನಜ್ಜಿ ಓಡಿಬಂದು ಏನಾಯಿತೇ ಅಂದರೆ, ಅವನೇ ಸಾಕು ಅಂದ ಅತ್ತೆ, ಕಿವಿಯಾರೆ ಕೇಳಿದೆ ಅಂದಳಂತೆ ಬೋರಮ್ಮ. ಕಿವಿ ಇಲ್ಲಿತ್ತು, ಕಣ್ಣನ್ನು ತವರಿಗೆ ಕಳಿಸಿದ್ದೆಯಾ? ಅಂದಳಂತೆ ಹೊನ್ನಜ್ಜಿ.

ನಗಬೇಡ, ಅವತ್ತು ನಮ್ಮತ್ತೆ ಇದನ್ನು ಹೇಳುವಾಗ ನನ್ನನ್ನೇ ನೋಡುತ್ತಿದ್ದರು.

ಎರಡನೇ ದಿನ ನಡುವಿನ ಸೊಸೆ ಮಾಯಮ್ಮ. ಇವಳು ಬಲು ಚುರುಕು. ಅಕ್ಕ ಬಾಯಿಮಾತು ನಂಬಿ ಕೆಟ್ಟಳು, ನಾನು ಯಾರ ಬಾಯಿಮಾತೂ ಕೇಳೋಳಲ್ಲ, ಉಣ್ಣೋ ಜನ ಬೇಡ ಅಂದರೆ ಬೇಕು ಅಂತಲೇ ಅರ್ಥ, ಅಂತ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಹೊರಟಳಂತೆ. ಅವತ್ತು ಒಬ್ಬ ಬಳೆಗಾರ ಕೂತಿದ್ದನಂತೆ. ಮೂರು ದಿನದಿಂದ ಅವನಿಗೆ ಹೊಟ್ಟೆ ಕೆಟ್ಟಿದೆ. ಒಂದಿಷ್ಟು ಮಜ್ಜಿಗೆ ಅನ್ನ ಉಂಡು, ಪಾಯಸ ಬರುವುದನ್ನು ದೂರದಿಂದಲೇ ನೋಡಿ ಹೆದರಿ, ಬೇಡ ಕಣಕ್ಕ, ಖಂಡಿತ ಬೇಡ ಅಂತ ಎಲೆಯ ಮೇಲೆ ಅಂಗೈ ಮಡಗಿಬಿಟ್ಟನಂತೆ, ಎಲೆಗೆ ಅಂಟಿದ ಹಾಗೆ. ಅಯ್ಯೋ, ನಾಚಿಕೊಂಡರೆ ಹೊಟ್ಟೆ ತುಂಬ್ತದಾ ಅಣ್ಣ? ನೋಡಿದೆ ಬಿಡು, ಪಾಯಸದ ಮೇಲೇ ಇತ್ತು ನಿನ್ನ ಕಣ್ಣು, ಅಂತ ಮಾಯಮ್ಮ ಒಂದು ಸೌಟು ಬಿಸಿ ಪಾಯಸ ಹುಯ್ದೇಬಿಟ್ಟಳಂತೆ, ಅವನ ಕೈಮೇಲೆ. ಬಳೆಗಾರನಿಗೆ ಕೈಯೇ ಬದುಕು. ಬೆರಳೆಲ್ಲ ಬೊಬ್ಬೆ ಬಂದರೆ ಹೆಂಗಸರ ಕೈಗೆ ಬಳೆ ತೊಡಿಸುವುದು ಹೇಗೆ? ಅವನು ಕೈ ಹಿಡಿದುಕೊಂಡು ಎದ್ದ, ಒಳಗೆ ಮತ್ತೆ ಗುಡುಕ್ ಅಂತಂತೆ.

ಎರಡು ಗೇಣು ಹೋಯಿತು. ಉಳಿದದ್ದು ಒಂದೇ ಗೇಣು. ಅದೂ ಹೋದರೆ ಛತ್ರದ ಬಾಗಿಲು ಹಾಕಬೇಕು, ನಾಳೆ ಆ ದಾರಿಯಲ್ಲಿ ಬಂದವರು ಹಸಿದೇ ನಡೆಯಬೇಕು. ಹೊನ್ನಜ್ಜಿ ಅವತ್ತು ಊಟ ಮಾಡಲಿಲ್ಲವಂತೆ.

ಮೂರನೇ ದಿನ ಕಿರಿಸೊಸೆ ಚೆನ್ನಾಜಿ. ಹೊಸಬಳು, ಮಾತು ಕಡಿಮೆ, ಎರಡು ದಿನವೂ ಕಂಬದ ಮರೆಯಲ್ಲಿ ನಿಂತು ನೋಡಿದ್ದಳಂತೆ. ಸಾಕು ಅಂದರೆ ಕೈ ನೋಡುವಳು. ಕೈ ಮೇಲಿದ್ದರೆ ಬಡಿಸುವಳು, ಎಲೆಗೆ ತಾಗಿದ್ದರೆ ಬಿಡುವಳು. ಎಲ್ಲ ಸರಿಯಾಗಿ ನಡೆಯುತ್ತಿತ್ತಂತೆ, ಕೊನೆಯ ಎಲೆಯವರೆಗೂ.

ಕೊನೆಯ ಎಲೆಯ ಮುಂದೆ ಒಬ್ಬಳು ಮುದುಕಿ ಕೂತಿದ್ದಳಂತೆ. ಸಾಕು ಅನ್ನುವುದಿಲ್ಲ, ಹಾಕು ಅನ್ನುವುದಿಲ್ಲ, ಕೈ ಅಡ್ಡ ಹಿಡಿಯುವುದೂ ಇಲ್ಲ. ಎರಡು ಕೈಯನ್ನೂ ಮಡಿಲಲ್ಲಿಟ್ಟುಕೊಂಡು ಕಲ್ಲಿನ ಹಾಗೆ ಕೂತಿದ್ದಾಳೆ, ಬಡಿಸಿದ ಅನ್ನ ಮುಟ್ಟಿಲ್ಲ. ಹಲ್ಲಿಲ್ಲವೇನೋ ಅಂತ ಚೆನ್ನಾಜಿ ಅನ್ನ ಮೆತ್ತಗೆ ಹಿಸುಕಿಕೊಟ್ಟಳಂತೆ, ಮುಟ್ಟಲಿಲ್ಲ. ಸಾರು ಖಾರವೇನೋ ಅಂತ ಹಾಲು ತಂದಳಂತೆ, ಮುಟ್ಟಲಿಲ್ಲ. ಯಾಕಜ್ಜಿ, ಏನಾದರೂ ತಪ್ಪಾಯ್ತಾ ಅಂತ ಬಾಯಿಬಿಟ್ಟೇ ಕೇಳಿದಳಂತೆ. ಏನಿಲ್ಲ ಕಣವ್ವ ಅಂದಳಂತೆ ಮುದುಕಿ, ಅಂದು ಎಲೆ ಮಡಚೋದಕ್ಕೆ ಕೈ ಚಾಚಿದಳಂತೆ. ಒಳಗೆ ಕೊಪ್ಪರಿಗೆ ಗಡಗಡ ಅಲುಗಾಡೋಕೆ ಶುರುವಾಯಿತಂತೆ. ಬೋರಮ್ಮ, ಅವಳೇ ಏನಿಲ್ಲ ಅಂದಳಲ್ಲ ಬಿಡೇ ಅಂತಾಳೆ. ಮಾಯಮ್ಮ, ಇನ್ನೊಂದು ಸೌಟು ಹಾಕೇ ಅಂತಾಳೆ.

ಆಗ ಚೆನ್ನಾಜಿ ಒಂದು ಕೆಲಸ ಮಾಡಿದಳಂತೆ. ಆ ಛತ್ರದಲ್ಲಿ ಪಂಕ್ತಿಯ ನಡುವೆ ಯಾರೂ ಮಾಡದ ಕೆಲಸ. ಸೌಟು ಕೆಳಗಿಟ್ಟು, ಮುದುಕಿಯ ಪಕ್ಕ ನೆಲದ ಮೇಲೆ ಕೂತುಬಿಟ್ಟಳಂತೆ. ಕೂತು, ಮುದುಕಿಯ ಕಣ್ಣು ಎಲ್ಲಿಗೆ ಹೋಗುತ್ತದೋ ಅಲ್ಲಿಗೇ ತಾನೂ ನೋಡಿದಳಂತೆ. ಅದು ಎಲೆಯ ಕಡೆ ಹೋಗುತ್ತಲೇ ಇಲ್ಲ, ಮತ್ತೆ ಮತ್ತೆ ಬಾಗಿಲ ಕಡೆ ಹೋಗುತ್ತಿದೆ. ನಿಂತು ಬಡಿಸುವವರಿಗೆ ಬಾಗಿಲ ಮೇಲಿನ ತೊಲೆ ಅಡ್ಡ, ಕೂತರೆ ಹೊರಗಿನದೆಲ್ಲ ಕಾಣುತ್ತಿತ್ತಂತೆ. ಹುಣಸೆಮರದ ಕೆಳಗೆ ಒಂದು ಗಾಡಿ, ಗಾಡಿಗೆ ಒಂದು ಮುದಿ ಎತ್ತು. ನೊಗ ಇನ್ನೂ ಹೆಗಲ ಮೇಲೇ ಇದೆ, ನಾಲಿಗೆ ಹೊರಗೆ ಜೋತಿದೆ.

ಎತ್ತು ನಿಮ್ಮದಾ ಅಜ್ಜಿ? ಅಂದಳಂತೆ ಚೆನ್ನಾಜಿ.

ಅಷ್ಟು ಕೇಳಿದ್ದೇ ತಡ, ಮುದುಕಿಯ ಕಣ್ಣಲ್ಲಿ ನೀರು ಬಂತಂತೆ. ನೆನ್ನೆಯಿಂದ ನೀರು ಕಂಡಿಲ್ಲ ಕಣವ್ವ ಅದು. ಅದು ಅಲ್ಲಿ ನೋಡ್ತಾ ನಿಂತಿದ್ದರೆ ನನ್ನ ಗಂಟಲಲ್ಲಿ ತುತ್ತು ಹೆಂಗೆ ಇಳೀತದೆ? ಪುಕ್ಕಟೆ ಊಟಕ್ಕೆ ಬಂದೋಳು ಎತ್ತಿಗೂ ಹುಲ್ಲು ಕೇಳ್ತಾಳೆ ಅಂತೀರೇನೋ ಅಂತ ಸುಮ್ಮನಿದ್ದೆ, ಅಂದಳಂತೆ.

ಆಮೇಲೆ ಬೋರಮ್ಮ ನೀರಿನ ಬಾನಿ ಹೊತ್ತು ಓಡಿದಳಂತೆ, ಮಾಯಮ್ಮ ಹುಲ್ಲಿನ ಹೊರೆ ಹೊತ್ತು ಓಡಿದಳಂತೆ. ಎತ್ತು ಎರಡು ಬಾನಿ ನೀರು ಕುಡಿದು ಉಸ್ ಅಂತಂತೆ. ಇಲ್ಲಿ ಮುದುಕಿಯೂ ಉಸ್ ಅಂದು ಎಲೆಗೆ ಕೈ ಹಾಕಿದಳಂತೆ. ಒಳಗೆ ಕೊಪ್ಪರಿಗೆಯ ಅಲುಗಾಟ ನಿಂತಿತಂತೆ. ಮುದುಕಿ ಎರಡು ಸಲ ಸಾಕು ಅಂದಳಂತೆ, ಎರಡು ಸಲವೂ ಚೆನ್ನಾಜಿ ಬಡಿಸಿದಳಂತೆ, ಮೂರನೇ ಸಲ ಕೈ ಎಲೆಗೆ ತಾಗಿತಂತೆ. ಅವಳು ಎದ್ದು ಕೈ ತೊಳೆಯುವ ಹೊತ್ತಿಗೆ ಇಳಿದ ಅನ್ನ ಒಂದು ಗೇಣು ಮೇಲೆ ಬಂದಿತ್ತಂತೆ.

ಕೊಪ್ಪರಿಗೆ ಕೊಟ್ಟವಳೇ ಈ ಅಜ್ಜಿ ತಾನೇ ಅಂತ ಕೇಳುತ್ತೀಯಾ? ನಾನೂ ಹಾಗೇ ಕೇಳಿದ್ದೆ. ಅಲ್ಲ, ಇವಳು ಬರೀ ಎತ್ತಿನ ಅಜ್ಜಿ, ಕೊಪ್ಪರಿಗೆ ಕೊಟ್ಟವಳಾಗಿದ್ದರೆ ಮಾತ್ರ ಅನ್ನ ಹಾಕಬೇಕಾ? ಅಂತ ನಮ್ಮತ್ತೆ ಗದರಿದರು.

ಆಮೇಲೆ ಬೋರಮ್ಮ ಬುತ್ತಿ ಕಟ್ಟಿಕೊಂಡು ಹೊಸ ಅಳಿಯ ಇಳಿದಿದ್ದ ಮಾವನ ಮನೆಗೆ ಹೋಗಿ, ಮಾವ ಇಲ್ಲದ ಹೊತ್ತು ನೋಡಿ ಬಡಿಸಿ ಬಂದಳಂತೆ. ಮಾಯಮ್ಮ ಬಳೆಗಾರನನ್ನು ಛತ್ರದಲ್ಲೇ ಇರಿಸಿಕೊಂಡು ಕೈಗೆ ಬೆಣ್ಣೆ ಹಚ್ಚಿ, ಕೈ ವಾಸಿಯಾಗುವವರೆಗೂ ಅವನ ಬಳೆಯ ಮಲಾರ ತಾನೇ ಹೊತ್ತು ಬಳೆ ಮಾರಿಕೊಟ್ಟಳಂತೆ. ಆಗ ಇನ್ನೊಂದು ಗೇಣೂ ಮೇಲೆ ಬಂತಂತೆ, ಅಲ್ಲಿಂದ ಕೊಪ್ಪರಿಗೆ ಮತ್ತೆ ಕಂಠದವರೆಗೂ ನಿಂತಿತಂತೆ. ಸೌಟು ಚೆನ್ನಾಜಿಗೆ ಬಂತು. ಅವಳು ಪಂಕ್ತಿಯಲ್ಲಿ ಕೂತು ನೋಡುವುದಕ್ಕೆ ಅಂತಲೇ ದಿನಾ ಒಂದು ಎಲೆ ಜಾಸ್ತಿ ಹಾಕಿಸುತ್ತಿದ್ದಳಂತೆ. ಎಲ್ಲರೂ ಉಂಡರು, ಎತ್ತೂ ಉಂಡಿತು, ಕತೆ ಮುಗೀತು, ಎಲೆ ಎತ್ತಾಯಿತು.

ಕತೆ ಮುಗಿದಾಗ ಕ್ಯಾರಿಯರೂ ತುಂಬಿತ್ತು. ಅದನ್ನು ಹಿಡಿದುಕೊಂಡು ನಾನು ಕೈಮರದವರೆಗೂ ಓಡಿದೆ. ಅಪ್ಪ ಬಸ್ಸಿಗೆ ಕಾಯುತ್ತ ಕಲ್ಲಿನ ಮೇಲೆ ಕೂತಿದ್ದರು. ಕೈಯಲ್ಲಿ ಕಡಲೆಕಾಯಿ ಪೊಟ್ಟಣ. ನನ್ನನ್ನು ನೋಡಿ ಅದನ್ನು ಬೆನ್ನ ಹಿಂದಕ್ಕೆ ಸರಿಸಿದರು. ಊಟ ಆಯ್ತಲ್ಲ ಮಗಳೇ ಅಂದರು. ನಾನು ಪಕ್ಕದಲ್ಲಿ ಕೂತು ಡಬ್ಬಿ ಬಿಚ್ಚಿ ಮುಚ್ಚಳದಲ್ಲಿ ಬಡಿಸಿದೆ. ಸಾಕು ಅಂದರು, ಕೈ ಒಂದು ಗೇಣು ಮೇಲಿತ್ತು. ಹಾಕಿದೆ. ಸಾಕು ಅಂದರು, ಕೈ ನಾಲ್ಕು ಬೆರಳು ಮೇಲಿತ್ತು. ಹಾಕಿದೆ. ಅಷ್ಟರಲ್ಲಿ ಬಸ್ಸು ಬಂತು, ಕಂಡಕ್ಟರು ಕೂಗಿದ. ಅಪ್ಪ ತಲೆ ಎತ್ತಲಿಲ್ಲ, ಸಾರಿನ ಕೈಯನ್ನೇ ಬೀಸಿ ಮುಂದೆ ಹೋಗು ಅಂತ ತೋರಿಸಿದರು. ಮೂರನೇ ಸಲ ಕೈ ಮುಚ್ಚಳಕ್ಕೆ ತಾಗಿತು. ನಿಲ್ಲಿಸಿದೆ.

ಹಿಮಾ, ಎದುರುಮನೆಯವರು ಎರಡು ಹೋಳಿಗೆ ಕಳಿಸಿದ್ದಾರೆ, ಬೆಳಿಗ್ಗೆ ತಿನ್ನು. ಅವರೂ ನಿನ್ನ ಕಣ್ಣು ನೋಡಿರಬೇಕು.

ಅವತ್ತು ಆದ ಖರ್ಚು, ಡೈರಿಯಲ್ಲಿ ಇರುವ ಹಾಗೆ: ನಾಲ್ಕೂವರೆ ಬಸ್ಸು ತಪ್ಪಿತು, ಅಪ್ಪ ಆರೂಕಾಲಿನದಕ್ಕೆ ಹೋದರು. ಓಡುವಾಗ ನನ್ನ ಎಡಗಾಲಿನ ಚಪ್ಪಲಿಯ ಬಾರು ಕಿತ್ತುಹೋಯಿತು. ಮೊಸರನ್ನದ ಡಬ್ಬಿ ಅಪ್ಪನ ಜೊತೆಗೇ ಹೋಯಿತು, ವಾಪಸು ಬರಲಿಲ್ಲ. ಬೇರೇನೂ ನಷ್ಟವಿಲ್ಲ.