ಗಂಟಯ್ಯನ ಕಳ್ಳ ಎಳೆ

ಒಂದು ಕಾಡಿನಲ್ಲಿ ಗಂಟಯ್ಯ ಎಂಬ ಗೀಜಗನಿದ್ದ. ಬಾಗಿಲು ನೇಯುವುದು ಅವನ ಕಸುಬು. ಮೊಲದ ಬಿಲ, ಅಳಿಲಿನ ಪೊಟರೆ, ಗೌಜಲಕ್ಕಿಯ ಪೊದೆಮನೆ, ಎಲ್ಲಕ್ಕೂ ಅವನೇ ಬಳ್ಳಿಯ ಬಾಗಿಲು ನೇಯ್ದುಕೊಟ್ಟಿದ್ದ. ಯಾವ ಎಳೆಯನ್ನು ಮೊದಲು ಜಗ್ಗಬೇಕು, ಯಾವುದನ್ನು ಆಮೇಲೆ ಜಗ್ಗಬೇಕು ಎಂಬ ಗುಟ್ಟು ಆಯಾ ಮನೆಯವರಿಗೆ ಮಾತ್ರ ಗೊತ್ತು. ತಪ್ಪಿ ಜಗ್ಗಿದರೆ ಗಂಟು ಇನ್ನಷ್ಟು ಬಿಗಿಯುತ್ತಿತ್ತು. ಒಂದು ಮನೆಯ ಗುಟ್ಟು ಇನ್ನೊಂದು ಮನೆಗೆ ಹೊಂದುತ್ತಿರಲಿಲ್ಲ. ತಾಯಂದಿರು ಮರಿಗಳನ್ನು ಒಳಗೆ ಬಿಟ್ಟು ನಿಶ್ಚಿಂತೆಯಿಂದ ಮೇವಿಗೆ ಹೋಗುತ್ತಿದ್ದರು.

ಗಂಟಯ್ಯನಿಗೆ ಮಾತ್ರ ನಿಶ್ಚಿಂತೆ ಇರಲಿಲ್ಲ. ಆ ವರ್ಷ ಕರಿಮೂತಿಯ ಮುಸಿಯ ಕೋತಿಯೊಂದು ಬಂಡೆಯ ಮೇಲೆ ನೇಯ್ಗೆಯ ಶಾಲೆ ತೆರೆದಿತ್ತು. "ಒಂದೇ ತಿಂಗಳಲ್ಲಿ ಕಲಿಯಿರಿ, ಜೀವನಪೂರ್ತಿ ಕೂತು ಉಣ್ಣಿ!" ಎಂದು ಕೂಗುತ್ತಿತ್ತು. ಕಾಡಿನ ಎಳೆಯರೆಲ್ಲ ಅಲ್ಲಿಗೆ ಓಡಿದರು. ಕಲಿತು ಬಂದವರು ಗಂಟಯ್ಯ ಕೇಳುವ ಕಾಳಿನ ಅರ್ಧಕ್ಕೇ ನೇಯತೊಡಗಿದರು. ಹೆಚ್ಚಿನವರ ಗಂಟು ಗಾಳಿ ಬೀಸಿದರೆ ಬಿಚ್ಚಿಕೊಳ್ಳುತ್ತಿತ್ತು. ಆದರೆ ಸೂಜಿಮಲ್ಲಿ ಎಂಬ ಸಿಂಪಿಗ ಹಕ್ಕಿಯ ಕೆಲಸ ಚೊಕ್ಕವಾಗಿತ್ತು. ಅದನ್ನು ಕಂಡಾಗಿನಿಂದ ಗಂಟಯ್ಯನಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ.

"ರೀ, ಒಂದು ಗಳಿಗೆ ರೆಕ್ಕೆ ಮಡಚಿ ಕೂತ್ಕೊಳ್ಳಿ," ಎಂದಳು ಹೆಂಡತಿ ತೆನೆಯಮ್ಮ. "ಮರಿಗಳಿಗೆ ಗುಟುಕು ಕೊಡೋವಾಗಲೂ ಅತ್ತಿತ್ತ ನೋಡ್ತೀರಿ."

"ನಿನಗೇನು ಗೊತ್ತು? ಅಜ್ಜನ ಕಾಲಕ್ಕೆ ಮುಳ್ಳಿನ ಬೇಲಿ, ಅಪ್ಪನ ಕಾಲಕ್ಕೆ ಮಣ್ಣಿನ ಮುಚ್ಚಳ, ನನ್ನ ಕಾಲಕ್ಕೆ ಬಳ್ಳಿ. ನಾಳೆ ಇನ್ನೇನು ಬರುತ್ತೋ! ಆ ಹುಡುಗಿ ಆಗಲೇ ನನ್ನಷ್ಟು ಚೆನ್ನಾಗಿ ನೇಯ್ತಾಳೆ. ಇನ್ನು ನನ್ನನ್ನು ಯಾರು ಕರೀತಾರೆ?"

"ಹೊಸದು ಬಂದರೆ ಹೊಸದನ್ನೂ ಕಲಿತರಾಯ್ತು. ಅದಕ್ಕೆ ಇಷ್ಟು ಸಂಕಟ ಯಾಕೆ?"

ಆ ಮಾತು ಗಂಟಯ್ಯನ ಕಿವಿಗೆ ಬೀಳಲಿಲ್ಲ. ಅವನ ತಲೆಯಲ್ಲಿ ಆಗಲೇ ಒಂದು ಉಪಾಯ ಗಿರಕಿ ಹೊಡೆಯುತ್ತಿತ್ತು.

ಮರುದಿನದಿಂದ ಅವನು ಮನೆಮನೆಗೆ ಹೋದ. "ಬಾಗಿಲು ಸಡಿಲವಾಗಿರಬಹುದು, ಬಿಗಿ ಮಾಡಿಕೊಡ್ತೀನಿ. ಕಾಳು ಬೇಡ," ಎಂದ. ಯಾರು ಬೇಡವೆಂದಾರು? ಗಂಟಯ್ಯ ಗಂಟುಗಳನ್ನು ಬಿಗಿ ಮಾಡಿದ. ಜೊತೆಗೇ ಎಡಗಡೆ ಕೆಳಗೆ, ಯಾರಿಗೂ ಕಾಣದಂತೆ, ಒಂದು ಎಳೆ ಸೇರಿಸಿದ. ಅದೊಂದನ್ನು ಜಗ್ಗಿದರೆ ಸಾಕು, ಎಂಥ ಗುಟ್ಟಿದ್ದರೂ ಬಾಗಿಲು ತೆರೆದುಕೊಳ್ಳುತ್ತಿತ್ತು. ಬಾಗಿಲು ಕಚ್ಚಿಕೊಂಡರೆ ಇನ್ನು ಎಲ್ಲರೂ ತನ್ನನ್ನೇ ಕರೆಯಬೇಕು ಎಂಬುದು ಅವನ ಲೆಕ್ಕ. ಕೊಕ್ಕಿಗೆ ರೂಢಿಯಾಗಿ ತನ್ನ ಗೂಡಿನ ಬಾಗಿಲಿಗೂ ಅದೇ ಎಳೆ ಹಾಕಿಬಿಟ್ಟ. ಆಮೇಲೆ ತೆಗೆದರಾಯಿತು ಎಂದುಕೊಂಡವನು ಮರೆತೇಬಿಟ್ಟ.

ಒಂದು ದಿನ ಮಳೆಗೆ ನೆನೆದು ಮೊಲದವ್ವನ ಬಾಗಿಲು ಕಚ್ಚಿಕೊಂಡಿತು. ಒಳಗೆ ಮರಿಗಳು ಅಳುತ್ತಿದ್ದವು. ಸೂಜಿಮಲ್ಲಿ ಎಷ್ಟು ಪ್ರಯತ್ನಿಸಿದರೂ ಗಂಟು ಜಗ್ಗಲಿಲ್ಲ. ಕೊನೆಗೆ ಗಂಟಯ್ಯನನ್ನು ಕರೆತಂದರು.

"ಎಲ್ಲರೂ ಆಚೆ ತಿರುಗಿ. ಕಸುಬಿನ ಗುಟ್ಟು ಯಾರೂ ನೋಡಬಾರದು," ಎಂದ ಗಂಟಯ್ಯ.

ಎಲ್ಲರೂ ತಿರುಗಿ ನಿಂತರು. ಬಾಗಿಲು ತಟಕ್ಕನೆ ತೆರೆಯಿತು. ಮೊಲದವ್ವ ಮರಿಗಳನ್ನು ಅಪ್ಪಿಕೊಂಡು ಗೊಳೋ ಎಂದಳು. "ನೀನಿಲ್ಲದಿದ್ದರೆ ನಮ್ಮ ಗತಿ ಏನಾಗ್ತಿತ್ತಪ್ಪ!" ಎಂದಳು. ಅಂದಿನಿಂದ ಅವನಿಗೆ ಕೈತುಂಬ ಕೆಲಸ, ಗೂಡುತುಂಬ ಕಾಳು.

ಆದರೂ ಅವನಿಗೆ ನಿಶ್ಚಿಂತೆ ಸಿಗಲಿಲ್ಲ. ಯಾರಾದರೂ ನೋಡಿದರೇ? ಎಲೆ ಅಲುಗಿದರೂ ಬೆಚ್ಚಿ ತಿರುಗುತ್ತಿದ್ದ.

ಸೂಜಿಮಲ್ಲಿ ನೋಡಿರಲಿಲ್ಲ, ಆದರೆ ಮೊಲದವ್ವನ ಬಾಗಿಲು ಅಷ್ಟು ಸುಲಭವಾಗಿ ತೆರೆದದ್ದು ಹೇಗೆಂದು ಯೋಚಿಸಿದ್ದಳು. ಹಲವು ಬಾಗಿಲುಗಳನ್ನು ಪರೀಕ್ಷಿಸಿದಳು. ಆಮೇಲೆ ನೇರವಾಗಿ ಅವನ ಬಳಿಗೇ ಬಂದಳು.

"ಗಂಟಯ್ಯ ಮಾವ, ಎಲ್ಲ ಬಾಗಿಲಲ್ಲೂ ಎಡಗಡೆ ಕೆಳಗೆ ಒಂದು ಎಳೆ ಇದೆ. ಅದನ್ನು ಜಗ್ಗಿದರೆ ಯಾರು ಬೇಕಾದರೂ ಒಳಗೆ ಹೋಗಬಹುದು. ನಾನು ಯಾರಿಗೂ ಹೇಳಿಲ್ಲ. ನೀವೇ ತೆಗೆದುಬಿಡಿ."

ಒಪ್ಪಿಕೊಂಡರೆ ಹೆಸರು ಹೋಗುತ್ತದೆ, ಸುಮ್ಮನಿದ್ದರೆ ಇವಳು ಬಾಯಿ ಬಿಡುತ್ತಾಳೆ. ಗಂಟಯ್ಯ ಪುರ್ರನೆ ಹಾರಿ ಆಲದ ಕೊಂಬೆಯ ಮೇಲೆ ಕೂತು ಕಾಡಿಗೆಲ್ಲ ಕೇಳುವಂತೆ ಕೂಗಿದ.

"ಕೇಳಿ, ಕೇಳಿ! ಈ ಸೂಜಿಮಲ್ಲಿ ನಿಮ್ಮ ಮನೆ ಬಾಗಿಲನ್ನೆಲ್ಲ ಕದ್ದು ತಡಕಾಡ್ತಿದ್ದಾಳೆ! ಕೇಳಿದರೆ, ಎಡಗಡೆ ಕೆಳಗೆ ಒಂದು ಎಳೆ ಇದೆಯಂತೆ, ಅದನ್ನು ಜಗ್ಗಿದರೆ ಬಾಗಿಲು ತೆರೆಯುತ್ತಂತೆ! ಕಳ್ಳತನಕ್ಕೆ ಎಂಥ ನೆಪ!"

ಪ್ರಾಣಿಗಳು ಸೂಜಿಮಲ್ಲಿಯ ಮೇಲೆ ಹರಿಹಾಯ್ದವು. "ಇನ್ನು ನಮ್ಮ ಬಾಗಿಲ ಹತ್ತಿರ ಸುಳಿಯಬೇಡ," ಎಂದು ಗದರಿಸಿದವು. ಅವಳು ಎಷ್ಟು ಹೇಳಿದರೂ ಯಾರೂ ಕೇಳಲಿಲ್ಲ.

ಗಂಟಯ್ಯನ ಕೂಗಿಗೆ ಕಿವಿಗೊಟ್ಟಿದ್ದ ಪ್ರಾಣಿ ಒಂದಿತ್ತು. ಆಲದ ಬುಡದ ಕಲ್ಲುಸಂದಿಯಲ್ಲಿ ಬಿಸಿಲು ಕಾಯುತ್ತಿದ್ದ ಉಡ. ಅದು ನಾಲಿಗೆ ಒಮ್ಮೆ ಹೊರಚಾಚಿ ಒಳಗೆಳೆದುಕೊಂಡಿತು. "ಎಡಗಡೆ, ಕೆಳಗೆ," ಎಂದು ಮೆಲ್ಲಗೆ ಹೇಳಿಕೊಂಡಿತು.

ಮರುದಿನ ಗೌಜಲಕ್ಕಿ ಗೌಜವ್ವ ಮೇವಿನಿಂದ ಮರಳಿದಾಗ ಪೊದೆಮನೆಯಲ್ಲಿ ಮರಿಗಳಿರಲಿಲ್ಲ. ಬಾಗಿಲಿನ ಒಂದು ಎಳೆಯೂ ಹರಿದಿರಲಿಲ್ಲ. ಅವಳ ಕೂಗು ಕೇಳಿ ಕಾಡೇ ಸೇರಿತು.

"ಇದು ಸೂಜಿಮಲ್ಲಿಯದೇ ಕೆಲಸ! ಕಳ್ಳರ ಜೊತೆ ಸೇರಿದ್ದಾಳೆ!" ಎಂದರು ಹಲವರು. ಹಿರಿಯಳಾದ ಕಡವೆ ದೊಡ್ಡಮ್ಮ ಆಲದ ಕೆಳಗೆ ನ್ಯಾಯ ಕರೆದಳು.

ಗಂಟಯ್ಯ ಕೊಂಬೆಯಿಂದ ಕೊಂಬೆಗೆ ಜಿಗಿಯುತ್ತಿದ್ದ. ನಿಜ ಏನೆಂದು ಅವನಿಗೆ ಗೊತ್ತಿತ್ತು. 'ಯಾರಿಗೂ ತಿಳಿಯದಂತೆ ಎಲ್ಲ ಎಳೆಗಳನ್ನೂ ತೆಗೆದುಬಿಡಲೇ? ಇವತ್ತೇ ತೆಗೆದರೆ ಅನುಮಾನ ಬಂದೀತು. ನಾಳೆ ತೆಗೆಯಲೇ?' ಗೌಜವ್ವನ ಮುಖ ನೋಡಲಾಗದೆ ಅವನು ಬಾಲ ತಿರುಗಿಸಿ ಕೂತ.

"ಈ ಕಾಡು ಬಿಟ್ಟು ಹೋಗು, ಸೂಜಿಮಲ್ಲಿ," ಎಂದು ದೊಡ್ಡಮ್ಮ ಹೇಳುವಷ್ಟರಲ್ಲಿ ಕೆರೆಯ ಕಡೆಯಿಂದ ಚೀರಾಟ ಕೇಳಿತು. ಅದು ತೆನೆಯಮ್ಮನ ದನಿ.

"ಅಯ್ಯೋ, ಉಡ! ಮರ ಹತ್ತುತ್ತಿದೆ! ಮರಿಗಳು ಒಳಗಿವೆ!"

ಗಂಟಯ್ಯನ ಗೂಡು ಮೊಸಳೆಯಿದ್ದ ಕೆರೆಯ ಅಂಚಿನ ಈಚಲು ಮರದಲ್ಲಿತ್ತು. ಆ ಮರವನ್ನು ಉಡ ಸರಸರನೆ ಏರುತ್ತಿತ್ತು. ಅದರ ಕಣ್ಣು ಬಾಗಿಲಿನ ಎಡಗಡೆಗೇ ನೆಟ್ಟಿತ್ತು. ಗಂಟಯ್ಯ ಆಲದ ಕೊಂಬೆಯಿಂದ ಹಾರಿದ, ಆದರೆ ಗೂಡು ದೂರವಿತ್ತು. ಎಲ್ಲರಿಂದ ದೂರ, ಕೆರೆಯ ಕಡೆಯ ಕೊಂಬೆಯ ತುದಿಯಲ್ಲಿ ಕೂತಿದ್ದ ಸೂಜಿಮಲ್ಲಿಯೇ ನೆರೆದವರಲ್ಲೆಲ್ಲ ಗೂಡಿಗೆ ಹತ್ತಿರವಿದ್ದಳು.

ಹೆಸರೋ, ಮರಿಗಳೋ? ಯೋಚಿಸಲು ಹೊತ್ತಿರಲಿಲ್ಲ.

"ಸೂಜಿಮಲ್ಲಿ!" ಎಂದು ಅರಚಿದ. "ಆ ಎಳೆ ನನ್ನ ಬಾಗಿಲಲ್ಲೂ ಇದೆಯಮ್ಮಾ! ನಾನೇ ಹಾಕಿದ್ದು! ಎಲ್ಲ ಮನೆಗೂ ನಾನೇ ಹಾಕಿದ್ದು! ಕಡಿ ತಾಯಿ, ಕಡಿ!"

ಸೂಜಿಮಲ್ಲಿ ಬಾಣದಂತೆ ಹಾರಿದಳು. ಉಡದ ಉಗುರು ತಾಗುವ ಮೊದಲೇ ಕೊಕ್ಕಿನಿಂದ ಎಳೆಯನ್ನು ಬುಡಕ್ಕೇ ಕತ್ತರಿಸಿದಳು. ಉಡ ಸಿಟ್ಟಿನಿಂದ ಸಿಕ್ಕ ಎಳೆಯನ್ನೆಲ್ಲ ಜಗ್ಗಿತು. ಗಂಟುಗಳು ಅದರ ಬೆರಳ ಸುತ್ತಲೇ ಬಿಗಿದವು. ಒದ್ದಾಡಿ ಬಿಡಿಸಿಕೊಳ್ಳುವಷ್ಟರಲ್ಲಿ ಹಿಡಿತ ತಪ್ಪಿ, ಧೊಪ್ಪನೆ ಕೆರೆಗೆ ಬಿತ್ತು. ಅಲ್ಲಿ ಮೊಸಳೆ ಬಾಯಿ ತೆರೆದೇ ಇತ್ತು.

ಮರಿಗಳು ಉಳಿದವು. ಯಾರೂ ಸಂಭ್ರಮಿಸಲಿಲ್ಲ. ಗೌಜವ್ವ ಮೆಲ್ಲಗೆ ನಡೆದು ಈಚಲು ಮರದ ಕೆಳಗೆ ಬಂದಳು.

"ನಿನ್ನ ಮರಿಗಳು ಸಿಕ್ಕವು, ಗಂಟಯ್ಯ. ನನ್ನವು?"

ತೆನೆಯಮ್ಮ ಗಂಡನತ್ತ ತಿರುಗಿಯೂ ನೋಡದೆ ಮರಿಗಳ ಬಳಿಗೆ ಹೋದಳು.

ದೊಡ್ಡಮ್ಮ ಸೂಜಿಮಲ್ಲಿಯ ಮುಂದೆ ತಲೆ ತಗ್ಗಿಸಿದಳು. "ತಪ್ಪು ನಮ್ಮದಮ್ಮ. ತೂತು ತೋರಿಸಿದವಳನ್ನೇ ಕಳ್ಳಿ ಅಂದೆವು." ಆ ಹೊತ್ತಿನಲ್ಲೇ ಸೂಜಿಮಲ್ಲಿ ಮನೆಮನೆಗೆ ಹೋಗಿ ಕಳ್ಳ ಎಳೆಗಳನ್ನೆಲ್ಲ ಕಡಿದಳು. ಗಂಟಯ್ಯ ಅವಳ ಹಿಂದೆ ಹಿಂದೆ ಹೋಗಿ ಜಾಗ ತೋರಿಸಿದ. ಬಾಗಿಲು ಮುಟ್ಟಲು ಅವನನ್ನು ಯಾರೂ ಬಿಡಲಿಲ್ಲ. ಇನ್ನು ಮುಂದೆ ಯಾವ ಬಾಗಿಲನ್ನೂ ಮರೆಯಲ್ಲಿ ನೇಯುವಂತಿಲ್ಲ, ಯಾರು ಬೇಕಾದರೂ ನೋಡಬಹುದು, ಪರೀಕ್ಷಿಸಬಹುದು ಎಂದು ಕಾಡಿನಲ್ಲಿ ಕಟ್ಟಳೆಯಾಯಿತು.

ಬಹಳ ದಿನ ಗಂಟಯ್ಯನನ್ನು ಯಾರೂ ಕರೆಯಲಿಲ್ಲ. ಕೊನೆಗೆ ಸೂಜಿಮಲ್ಲಿಯೇ ಬಂದಳು. "ಮಾವ, ಗೌಜವ್ವ ಮತ್ತೆ ಮೊಟ್ಟೆ ಇಟ್ಟಿದ್ದಾಳೆ. ಬಾಗಿಲು ದೊಡ್ಡದಾಗಬೇಕು, ನನ್ನೊಬ್ಬಳಿಂದ ಆಗಲ್ಲ. ಬರ್ತೀರಾ?"

ಗಂಟಯ್ಯ ಹೋದ. ಪೊದೆಮನೆಯ ಸುತ್ತ ಎಲ್ಲರೂ ನೆರೆದಿದ್ದರು. ಅವನು ನೇಯತೊಡಗಿದ. ಗೌಜವ್ವ ಎದುರಿಗೇ ಕೂತು, ಕಣ್ಣು ಮಿಟುಕಿಸದೆ, ಒಂದೊಂದು ಎಳೆಯನ್ನೂ ನೋಡುತ್ತಿದ್ದಳು.

ನೀತಿ: ಬಾಗಿಲು ಬಳ್ಳಿಯದಿರಲಿ, ಕಂಪ್ಯೂಟರಿನದಿರಲಿ, ಕಟ್ಟಿದವನು ತನಗೆಂದು ಉಳಿಸಿಕೊಂಡ ಕಳ್ಳದಾರಿ ಕಳ್ಳನಿಗೂ ದಾರಿಯೇ, ಅದನ್ನು ತೋರಿಸಿಕೊಟ್ಟವರನ್ನು ದೂರಬಾರದು.