ಸೂರ್ಯನ ಮುಂದೆ ಓಡಿದ ಓತಿಕ್ಯಾತ

ಮೊದಲು ಆ ಕಲ್ಲನ್ನು ಕೆಳಗೆ ಹಾಕು. ಹಾಕಿದೆಯಾ? ಹ್ಞೂಂ. ಬೇಲಿಗೂಟದ ಮೇಲೆ ಕೂತು ತಲೆ ಆಡಿಸುತ್ತಿದ್ದಾನಲ್ಲ ಓತಿಕ್ಯಾತ, ಅವನು ನಿನ್ನನ್ನು ಅಣಕಿಸುತ್ತಿಲ್ಲ. ನಿನ್ನ ಕಡೆ ನೋಡುವುದಕ್ಕೂ ಅವನಿಗೆ ಪುರುಸೊತ್ತಿಲ್ಲ. ಅವನ ಚಿಂತೆಯೇ ಬೇರೆ, ಅದು ಇವತ್ತು ನಿನ್ನೆಯದೂ ಅಲ್ಲ. ಬಾ ಇಲ್ಲಿ, ಕೂತುಕೋ, ಹೇಳುತ್ತೇನೆ.

ಭೂಮಿ ಇನ್ನೂ ಹಸಿ ಹಸಿಯಾಗಿದ್ದ ಕಾಲ ಅದು. ಹಳ್ಳಗಳಿಗೆ ಯಾವ ಕಡೆ ಹರಿಯಬೇಕು ಅಂತ ಗೊತ್ತಿರಲಿಲ್ಲ, ಅತ್ತ ಒಂದು ದಿನ, ಇತ್ತ ಒಂದು ದಿನ ಹರಿಯುತ್ತಿದ್ದವು. ಸೂರ್ಯನೂ ಹೊಸಬನೇ. ಬೆಳಗಾದರೆ ಮೂಡಲ ಗುಡ್ಡದ ಮೇಲೆ ಬಂದು ನಿಲ್ಲುತ್ತಿದ್ದ. ಅಲ್ಲಿಂದ ಪಡುವಲ ಗುಡ್ಡಕ್ಕೆ ಹೋಗಬೇಕು ಅನ್ನುವುದು ಗೊತ್ತು, ದಾರಿ ಮಾತ್ರ ಗೊತ್ತಿಲ್ಲ. ನಡುವೆ ಕಣ್ಣು ಹಾಯುವಷ್ಟೂ ಬಟಾಬಯಲು.

ಅದಕ್ಕೇ ಬಯಲಿನವರೆಲ್ಲ ಸೇರಿ ಒಂದು ಕಟ್ಟಲೆ ಮಾಡಿಕೊಂಡಿದ್ದರು. ದಿನಕ್ಕೊಬ್ಬರು ಸೂರ್ಯನ ಮುಂದೆ ಓಡಬೇಕು. ಓಡುವವರ ಬೆನ್ನು ನೋಡಿಕೊಂಡು ಸೂರ್ಯ ಹಿಂದೆ ಹಿಂದೆ ಬರುತ್ತಿದ್ದ. ಅವರು ನಿಂತರೆ ಅವನೂ ನಿಂತ. ಅವನು ನಿಂತ ಕಡೆ ನೆಲ ಸುಡುತ್ತಿತ್ತು. ಒಂದು ಸಲ ನರಿ ಬಾರೆಹಣ್ಣಿನ ಆಸೆಗೆ ಗಿಡದ ಕೆಳಗೆ ನಿಂತುಬಿಟ್ಟ. ಅವನು ಹಣ್ಣು ತಿಂದು ಬೀಜ ಉಗುಳುವುದರೊಳಗೆ ಅಲ್ಲಿಯ ನೆಲವೆಲ್ಲ ಸುಟ್ಟು ಕರ್ರಗಾಯಿತು. ನಾವು ಎರೆಹೊಲ ಅನ್ನುತ್ತೇವಲ್ಲ, ಅದೇ. ಅವತ್ತಿನಿಂದ ಸರದಿಯ ದಿನ ಯಾರೂ ನಿಲ್ಲುತ್ತಿರಲಿಲ್ಲ.

ಸರದಿ ನೋಡಿಕೊಳ್ಳುತ್ತಿದ್ದವನು ತೋಳಗಳ ಹಿರಿಯ, ಭರಮಣ್ಣ. ಒಳ್ಳೆಯವನೇ ಪಾಪ, ಕೆಟ್ಟವನು ಅಂತ ನಾನು ಹೇಳುವುದಿಲ್ಲ. ಉದ್ದ ಕಾಲು, ಆಳವಾದ ಎದೆ. ಬೆಳಿಗ್ಗೆ ಕುಕ್ಕುಲೋಟಕ್ಕೆ ಬಿದ್ದರೆ ಸಂಜೆವರೆಗೂ ಅದೇ ಓಟ. ತನಗೆ ಬಂದದ್ದು ಎಲ್ಲರಿಗೂ ಬರುತ್ತದೆ ಅನ್ನುವುದೊಂದೇ ಅವನ ಹುಚ್ಚು. ಓಡುವುದರಿಂದ ನಿದ್ದೆ ಚೆನ್ನಾಗಿ ಬರುತ್ತದೆ, ಹಸಿವು ಚೆನ್ನಾಗಿ ಆಗುತ್ತದೆ, ಮನಸ್ಸು ಹಗುರಾಗುತ್ತದೆ ಅಂತ ಕಂಡಕಂಡವರಿಗೆಲ್ಲ ಹೇಳುತ್ತಿದ್ದ. ಅವನು ಬರುತ್ತಿದ್ದಾನೆ ಅಂದರೆ ಮುಳ್ಳಹಂದಿ ಬಿಲ ಸೇರಿಕೊಳ್ಳುತ್ತಿತ್ತು.

ದೊಡ್ಡವರ ಸರದಿ ಎಲ್ಲ ಮುಗಿದು ಚಿಕ್ಕವರ ಸರದಿ ಬರುವ ಹೊತ್ತಾಯಿತು. ಚಿಕ್ಕವರ ಕೈಲಿ ಆಗುತ್ತದಾ ಅಂತ ಪಂಚಾಯಿತಿ ಸೇರಿತು. ಕಾಲಿಲ್ಲ ಅಂತ ಹಾವನ್ನು ಬಿಟ್ಟರು. ಓತಿಕ್ಯಾತನ ಮಾತು ಬಂದಾಗ ಯಾರೋ ಹಿಂದಿನಿಂದ ನಕ್ಕರು.

ಆಗ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಬರೀ ಕ್ಯಾತ ಅಂತ. ಹುಟ್ಟಾ ಚಡಪಡಿಕೆಯವನು. ಕೂತಲ್ಲಿ ಕೂರ, ನಿಂತಲ್ಲಿ ನಿಲ್ಲ. ನಕ್ಕದ್ದು ಕಿವಿಗೆ ಬಿತ್ತೋ ಇಲ್ಲವೋ, ಎದ್ದು ನಿಂತು, ಆ ಬಂಡೆಯವರೆಗೆ ನನ್ನ ಜೊತೆ ಓಡಿ ಗೆಲ್ಲಿ ನೋಡೋಣ ಅಂತ ಭರಮಣ್ಣನನ್ನೇ ಕರೆದ. ಬಂಡೆ ಇದ್ದದ್ದು ಹತ್ತು ಮಾರು ದೂರ. ಸರ್ರಂತ ಹೋದ ನೋಡು ಕ್ಯಾತ! ತೋಳ ಎರಡನೇ ಹೆಜ್ಜೆ ಎತ್ತುವಷ್ಟರಲ್ಲಿ ಅವನು ಬಂಡೆಯ ಮೇಲೆ ಕೂತಿದ್ದ. ಪಂಚಾಯಿತಿಯವರೆಲ್ಲ ಭಲೇ ಅಂದರು.

“ನಾಲ್ಕು ಕಾಲಿದ್ದವರಿಗೆಲ್ಲ ಸರದಿ ಉಂಟು,” ಅಂದ ಭರಮಣ್ಣ. “ಮುಂದಿನ ಹುಣ್ಣಿಮೆ ದಿನ ನಿನ್ನದು ಕಣಪ್ಪಾ.”

ಕ್ಯಾತ ಎದೆಯುಬ್ಬಿಸಿಕೊಂಡು ಹ್ಞೂಂ ಅಂದ. ಬಂಡೆಯ ಮೇಲೆ ಕೂತವನಿಗೆ ಉಸಿರು ನೆಟ್ಟಗಾಗಲು ಎಷ್ಟು ಹೊತ್ತು ಹಿಡಿಯಿತು ಅನ್ನುವುದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಮನೆಗೆ ಬಂದರೆ ಹೆಂಡತಿ ದುಗ್ಗಿ ಕಾಲಿಗೆಲ್ಲ ಮಣ್ಣು ಮೆತ್ತಿಕೊಂಡು ಕೂತಿದ್ದಳು. ಬಯಲಿನ ನಟ್ಟನಡುವೆ ಒಂದು ದಿಬ್ಬ, ಅಲ್ಲಿಯ ಮಣ್ಣು ಮೆತ್ತಗಿದೆ ಅಂತ ಅವತ್ತೇ ಗುಂಡಿ ತೋಡಿ ಹನ್ನೆರಡು ಮೊಟ್ಟೆ ಇಟ್ಟು ಮುಚ್ಚಿ ಬಂದಿದ್ದಳು. ಸುದ್ದಿ ಕೇಳಿ ಅವಳ ಮುಖ ಇಳಿದುಹೋಯಿತು. ಸೂರ್ಯನ ದಾರಿ ಆ ದಿಬ್ಬದ ಮೇಲೆಯೇ ಇತ್ತು.

“ಅಲ್ಲೇ ನಿಂತುಬಿಟ್ಟರೆ?” ಅಂದಳು.

ನಿಲ್ಲುವುದಿಲ್ಲ ಬಿಡು ಅಂದ ಕ್ಯಾತ. ಮೊಟ್ಟೆ ಬೇರೆ ಕಡೆ ಇಡೋಣ ಅಂದರೆ ಅದೂ ಆಗದು. ಅವರ ಜಾತಿಯ ಮೊಟ್ಟೆ ಒಮ್ಮೆ ಇಟ್ಟ ಮೇಲೆ ಹೊರಳಿಸಿದರೆ ಕೆಟ್ಟುಹೋಗುತ್ತದೆ.

ಅವತ್ತಿನಿಂದ ಅವನ ಊಟ ನಿದ್ದೆ ಎಲ್ಲ ಹೋಯಿತು. ಬೆಳಿಗ್ಗೆ ಎದ್ದರೆ ಓಟ. ಹತ್ತು ಮಾರಿಗೆ ಉಸಿರು ಕಟ್ಟುವುದು, ಬೀಳುವುದು. ಏಳುವುದು, ಮತ್ತೆ ಓಡುವುದು, ಮತ್ತೆ ಹತ್ತು ಮಾರಿಗೆ ಬೀಳುವುದು. ಭರಮಣ್ಣ ತಾನೇ ಬಂದು ಕಲಿಸಿಕೊಟ್ಟ. ಎರಡು ಹೆಜ್ಜೆಗೆ ಉಸಿರು ಒಳಗೆ, ಎರಡು ಹೆಜ್ಜೆಗೆ ಹೊರಗೆ, ಜೋರು ಬೇಡ, ನಿಧಾನಕ್ಕೆ ಹೋಗು, ಆದರೆ ನಿಲ್ಲಬೇಡ ಅಂದ. ನಿಧಾನಕ್ಕೆ ಓಡಿದರೂ ಅಷ್ಟೇ ಆಯಿತು. ಅಭ್ಯಾಸ ಸಾಲದು ಅಂದ ಭರಮಣ್ಣ. ಹುಳ ತಿನ್ನುವುದು ಕಡಿಮೆ ಮಾಡು ಅಂದ. ಕಡೆಗೆ, ನಿನಗೆ ಮನಸ್ಸಿಲ್ಲ ಅಂತಲೂ ಅಂದ. ಅದೊಂದು ಮಾತಿನಿಂದ ಕ್ಯಾತನಿಗೆ ಬಹಳ ನೋವಾಯಿತು. ಮನಸ್ಸು ಇದ್ದದ್ದೆಲ್ಲ ಅದರ ಮೇಲೇ ಇತ್ತಲ್ಲ.

ಸರದಿಯ ಹಿಂದಿನ ಸಂಜೆ ಅವನು ಹಳ್ಳದ ದಂಡೆಯಲ್ಲಿ ಬೋರಲು ಬಿದ್ದಿದ್ದ. ಗಾಳಿ ಬಂತು. ಗಾಳಿ ಅಂದರೆ ಬಯಲಿಗೆಲ್ಲ ಅಕ್ಕನಿದ್ದ ಹಾಗೆ, ಅವಳು ಹೋಗದ ಮನೆಯಿಲ್ಲ.

“ಗಾಳಕ್ಕಾ, ನನ್ನಲ್ಲಿ ಏನು ಕೊರತೆ?” ಅಂತ ಕೇಳಿದ ಕ್ಯಾತ.

“ಕೊರತೆ ಏನಿಲ್ಲೋ ತಮ್ಮಾ. ಎಲ್ಲರ ಎದೆಯೊಳಗೂ ಹೋಗಿ ಬರುವವಳು ನಾನು, ನನಗೆ ಗೊತ್ತು. ಭರಮಣ್ಣನ ಕಾಲು ಹೊಟ್ಟೆಯ ಕೆಳಗಿವೆ. ಅವನು ಓಡಿದಷ್ಟೂ ಎದೆ ತಿದಿ ಒತ್ತಿದ ಹಾಗೆ ಆಡುತ್ತದೆ, ನನ್ನನ್ನು ತಾನೇ ಒಳಗೆ ಎಳೆದುಕೊಳ್ಳುತ್ತದೆ. ನಿನ್ನ ಕಾಲು ಪಕ್ಕಕ್ಕೆ ಚಾಚಿವೆ. ಓಡುವಾಗ ನಿನ್ನ ಮೈ ಎಡಕ್ಕೆ ಬಳುಕಿದರೆ ಎದೆಯ ಎಡಗಡೆ ಬಾಗಿಲು ಮುಚ್ಚಿತು, ಬಲಕ್ಕೆ ಬಳುಕಿದರೆ ಬಲಗಡೆಯದು ಮುಚ್ಚಿತು. ನಾನು ಹೊಸಿಲಲ್ಲೇ ನಿಂತು ಕಾಯುತ್ತೇನೆ. ನೀನು ನಿಂತಾಗ ಮಾತ್ರ ಒಳಗೆ ಬರುವುದಕ್ಕೆ ಆಗುತ್ತದೆ.”

ಹಾಗಾದರೆ ಎಷ್ಟು ಅಭ್ಯಾಸ ಮಾಡಿದರೂ ಆಗುವುದಿಲ್ಲವಾ ಅಂದ ಕ್ಯಾತ. ಇಲ್ಲ ಅಂದಳು ಗಾಳಿ. ಅವನಿಗೆ ಸಿಟ್ಟು ಬಂತು, ಅಳು ಬಂತು, ಜೊತೆಗೆ ಎದೆಯ ಮೇಲಿನ ಒಂದು ಭಾರ ಇಳಿದ ಹಾಗೂ ಆಯಿತು. ತಕ್ಷಣ ಭರಮಣ್ಣನ ಹತ್ತಿರ ಹೋಗಿ ನಾಳೆಯ ಸರದಿ ನೀವೇ ಓಡಿ ಅಂತ ಬೇಡಿಕೊಂಡ. ಕಟ್ಟಲೆ ಕಟ್ಟಲೆಯೇ, ಪಂಚಾಯಿತಿ ಮುಂದೆ ಒಪ್ಪಿದ್ದು ನೀನೇ ಅಂದ ಭರಮಣ್ಣ. ಆಡಿದ ಮಾತು, ಒಡೆದ ಮುತ್ತು. ಕ್ಯಾತ ಹಿಂದಿರುಗಿದ.

ಬೆಳಗಾಯಿತು. ಸೂರ್ಯ ಮೂಡಲ ಗುಡ್ಡದ ಮೇಲೆ ಬಂದು ಕಣ್ಣು ಕಿರಿದು ಮಾಡಿಕೊಂಡು ಹುಡುಕಿದ. ಇವತ್ತು ಯಾರ ಬೆನ್ನೋ ಅಂತ ನೋಡಿದರೆ, ಗೇಣುದ್ದದ ಬೆನ್ನು!

ಕ್ಯಾತ ಸರ್ರಂತ ಹೊರಟ. ಸೂರ್ಯನೂ ದಡಬಡಿಸಿ ಹಿಂದೆ ಬಿದ್ದ. ಹುಲ್ಲಿನ ಮೇಲಿನ ಇಬ್ಬನಿ ಹೇಳದೆ ಕೇಳದೆ ಮಾಯವಾಯಿತು. ಹತ್ತು ಮಾರು ಆಯಿತು, ಹನ್ನೆರಡಾಯಿತು. ಕ್ಯಾತನ ಕಣ್ಣಿಗೆ ಕತ್ತಲೆ ಬಂತು. ನಿಲ್ಲಬೇಡ, ನಿಲ್ಲಬೇಡ ಅಂತ ಭರಮಣ್ಣ ಬಯಲಿನ ಅಂಚಿನಿಂದ ಕೂಗುತ್ತಲೇ ಇದ್ದ. ಆದರೂ ಹಳ್ಳದ ಪಕ್ಕದಲ್ಲಿ ಕ್ಯಾತ ಮುಗ್ಗರಿಸಿ ಬಿದ್ದ. ಸೂರ್ಯ ಅಲ್ಲೇ ನಿಂತ. ಹಳ್ಳದ ನೀರು ಬಿಸಿಯಾಗತೊಡಗಿತು. ಮೀನುಗಳು ತಳ ಹುಡುಕಿಕೊಂಡು ಓಡಿದವು. ನನ್ನ ಮಕ್ಕಳು ಬೇಯುತ್ತಿದ್ದಾವೆ, ಮುಂದೆ ಹೋಗೋ ಮಾರಾಯ ಅಂತ ಹಳ್ಳ ಗೋಗರೆಯಿತು.

ಕ್ಯಾತ ಮುಂಗಾಲು ಊರಿ ತಲೆ ಎತ್ತಿದ. ಬಾಯಿ ತೆರೆದು ಗಾಳಿ ಎಳೆದುಕೊಂಡ. ಉಸಿರು ಒಳಗೆ ಹೋದ ಹಾಗೆ ತಲೆ ಮೇಲೆ, ಹೊರಗೆ ಬಂದ ಹಾಗೆ ತಲೆ ಕೆಳಗೆ. ನಾಲ್ಕು ಸಲ ಹಾಗೆ ಆಡಿಸುವಷ್ಟರಲ್ಲಿ ಕಾಲಿಗೆ ಜೀವ ಬಂತು.

ಏನೋ ಅದು, ತಲೆ ಯಾಕೆ ಆಡಿಸುತ್ತೀಯ ಅಂತ ಸೂರ್ಯ ಕೇಳಿದ. ಅಷ್ಟು ದಿನದಲ್ಲಿ ಸೂರ್ಯ ಒಬ್ಬರ ಜೊತೆ ಮಾತಾಡಿದ್ದು ಅದೇ ಮೊದಲು. ನರಿ ನಿಂತಾಗ ಬಾಯಿ ತುಂಬ ಹಣ್ಣು, ಮಾತಾಡುವುದಕ್ಕೆ ಬೇರೆ ಯಾರು ನಿಂತಿದ್ದರು ಹೇಳು?

ಉಸಿರು ತಗೊಳ್ತಿದೀನಿ ಸ್ವಾಮಿ ಅನ್ನುವುದಕ್ಕೆ ಕ್ಯಾತನಿಗೆ ನಾಚಿಕೆ. “ದಾರಿ ತೋರಿಸ್ತಿದೀನಿ ಸ್ವಾಮಿ,” ಅಂದುಬಿಟ್ಟ. “ಇದು ಹಳ್ಳದ ತಿರುವು. ಮುಂದೆ ಆ ಬಿಳಿ ಬಂಡೆ.”

ಸೂರ್ಯ ತಲೆ ಎತ್ತಿ ನೋಡಿದ. ಹೌದಲ್ಲ, ಬಂಡೆ! ದಿನಾ ಅದರ ಮೇಲೇ ಹೋಗುತ್ತಿದ್ದರೂ ಅವನಿಗೆ ಕಂಡಿರಲಿಲ್ಲ. ಕಂಡದ್ದೆಲ್ಲ ಬರೀ ಬೆನ್ನು. ಕುದುರೆಯ ಬೆನ್ನು, ಜಿಂಕೆಯ ಬೆನ್ನು, ತೋಳದ ಬೆನ್ನು, ಅಷ್ಟೇ.

ಕ್ಯಾತ ಹತ್ತು ಮಾರು ಓಡಿದ. ನಿಂತ. ತಲೆ ಆಡಿಸಿದ. ಇದು ಬಿಳಿ ಬಂಡೆ, ಮುಂದೆ ಹುತ್ತ ಅಂದ. ಮತ್ತೆ ಹತ್ತು ಮಾರು ಓಡಿದ, ನಿಂತ, ತಲೆ ಆಡಿಸಿದ. ಇದು ಹುತ್ತ, ಮುಂದೆ ಕಾರೆಗಿಡ ಅಂದ. ನಿಂತದ್ದು ಒಂದೊಂದೇ ಗಳಿಗೆ, ಆದ್ದರಿಂದ ಹುಲ್ಲಿನ ತುದಿ ಕೆಂಪಾಯಿತೇ ಹೊರತು ನೆಲ ಸುಡಲಿಲ್ಲ. ಹೀಗೇ ಓಡಿ, ನಿಂತು, ಓಡಿ, ನಿಂತು, ಬೆಳಗಿನ ಹೊತ್ತೆಲ್ಲ ಕಳೆದು ಮಧ್ಯಾಹ್ನಕ್ಕೆ ದಿಬ್ಬದ ಬುಡ ಮುಟ್ಟಿದ. ಮುಂದೆ ದಿಬ್ಬ, ಅದರಾಚೆ ಕಾಣುವುದು ಒಂಟಿ ಬನ್ನಿಮರ ಅಂತ ಸೂರ್ಯನಿಗೆ ಹೇಳಿದ.

ದಿಬ್ಬ ಮೂವತ್ತು ಮಾರು ಅಗಲ. ಅವನ ಉಸಿರು ಹತ್ತು ಮಾರಿನದು. ಎಲ್ಲಿ ನಿಂತರೂ ಮೊಟ್ಟೆಯ ಹತ್ತಿರವೇ ನಿಲ್ಲಬೇಕು. ಒಂದು ಗಳಿಗೆಯ ಕಾವೂ ಮೊಟ್ಟೆಗೆ ತಾಗಬಾರದು, ನಿಲ್ಲಲೇಬಾರದು ಅಂತ ಹಟ ಹಿಡಿದು, ಬುಡದಲ್ಲಿ ಎಂಟು ಸಲ ತಲೆ ಆಡಿಸಿ ಎದೆ ತುಂಬ ಗಾಳಿ ತುಂಬಿಕೊಂಡು ನುಗ್ಗಿದ. ಹತ್ತು ಮಾರು ದಾಟಿತು. ಹನ್ನೆರಡಾಯಿತು. ಹದಿನಾಲ್ಕಕ್ಕೆ ಗಂಟಲು ಕೆಂಡವಾಯಿತು. ಹದಿನೈದಕ್ಕೆ ನಾಲ್ಕು ಕಾಲೂ ಒಟ್ಟಿಗೆ ಮಡಚಿಕೊಂಡವು. ಬಿದ್ದ ಜಾಗ ಎಲ್ಲಿ ಅಂತ ಅವನು ನೋಡಬೇಕಾಗಿರಲಿಲ್ಲ. ಮುಚ್ಚಿದ ಗುಂಡಿಯ ಮೇಲೆ ನೆರಳಾಗಲಿ ಅಂತ ಮೈ ಹರಡಿಕೊಂಡು ಮಲಗಿದ್ದ ದುಗ್ಗಿ ಎದುರಿಗೇ ಇದ್ದಳು.

ಸೂರ್ಯ ನೆತ್ತಿಯ ಮೇಲೆ ನಿಂತ.

ಮಣ್ಣು ಕಾಯಿತು. ದುಗ್ಗಿಯ ಹೊಟ್ಟೆ ಸುಟ್ಟಿತು, ಅವಳು ಅಲುಗಲಿಲ್ಲ. ಏಳು ಅಂತ ಕಾಲಿಗೆ ಹೇಳಿದ ಕ್ಯಾತ, ಕಾಲು ಏಳಲಿಲ್ಲ. ಬೇಡಿಕೊಳ್ಳೋಣ ಅಂದರೆ ಬಾಯಲ್ಲಿ ಮಾತಿಲ್ಲ, ಗಂಟಲಲ್ಲಿ ಉಸಿರೇ ಇಲ್ಲ. ನನ್ನಿಂದಲೇ, ನನ್ನ ಜಂಬದಿಂದಲೇ ಮಕ್ಕಳು ಹೋದವು ಅಂತ ಅವನ ಜೀವ ಒದ್ದಾಡಿತು. ಮೈಯಲ್ಲಿ ಆಡುತ್ತಿದ್ದದ್ದು ತಲೆ ಒಂದೇ. ಅದನ್ನೇ ಎತ್ತಿದ. ಬನ್ನಿಮರದ ಕಡೆ ತಿರುಗಿಸಿ ಒಂದು ಸಲ ಆಡಿಸಿದ. ಇನ್ನೊಂದು ಸಲ. ಮತ್ತೊಂದು ಸಲ.

ಸೂರ್ಯ ಆ ಕಡೆ ನೋಡಿದ. ಬನ್ನಿಮರ ಕಂಡಿತು. ಬೆನ್ನು ಯಾವುದೂ ಮುಂದಿಲ್ಲ. ಆದರೂ ಒಂದು ಹೆಜ್ಜೆ ಇಟ್ಟು ನೋಡಿದ, ಮಗು ಗೋಡೆ ಬಿಟ್ಟು ಇಡುತ್ತದಲ್ಲ, ಹಾಗೆ. ಬೀಳಲಿಲ್ಲ. ಇನ್ನೊಂದು ಹೆಜ್ಜೆ ಇಟ್ಟ. ದಿಬ್ಬದ ಮೇಲೆ ದುಗ್ಗಿಯ ನೆರಳು ಮೆಲ್ಲಗೆ ಮೂಡಲಿಗೆ ಸರಿಯಿತು.

ಬೈಯುವುದಕ್ಕೆ ಅಂತ ಓಡಿ ಬಂದ ಭರಮಣ್ಣ ತಲೆ ಎತ್ತಿ ನೋಡಿದ. ಸೂರ್ಯ ಒಬ್ಬನೇ ಬನ್ನಿಮರ ದಾಟುತ್ತಿದ್ದ. ಅಷ್ಟು ದಿನ ಅಷ್ಟು ಮಂದಿ ಅಷ್ಟು ಚೆನ್ನಾಗಿ ಓಡಿದ್ದರು, ಒಬ್ಬರೂ ಅವನಿಗೆ ದಾರಿ ಕಲಿಸಿರಲಿಲ್ಲ. ಭರಮಣ್ಣ ಬಿಸಿ ಮಣ್ಣಿನ ಮೇಲೆ ಕೂತುಕೊಂಡ.

“ನಾಲ್ಕು ಕಾಲು ಎಣಿಸಿದೆ ಕ್ಯಾತಾ,” ಅಂದ. “ಎದೆ ನೋಡಲಿಲ್ಲ. ತಪ್ಪಾಯಿತು.”

ದುಗ್ಗಿ ಮಣ್ಣಿಗೆ ಕಿವಿಯಿಟ್ಟು ಬಹಳ ಹೊತ್ತು ಕೇಳಿದಳು. ಆಮೇಲೆ ಕ್ಯಾತನ ಕಡೆ ನೋಡಿ ಅತ್ತಳು, ಸಂತೋಷಕ್ಕೆ. ಒಂದು ತಿಂಗಳು ಕಳೆದು ಮಳೆ ಬಿದ್ದ ಮಾರನೆಯ ದಿನ ಮಣ್ಣು ಬಿರಿಯಿತು, ಹನ್ನೆರಡು ಮರಿ ಹೊರಗೆ ಬಂದವು. ಬಂದವು ಬಂದ ಹಾಗೇ ಓಡಿದವು, ಹತ್ತು ಮಾರಿಗೆ ನಿಂತವು.

ಸರದಿಯ ಕಟ್ಟಲೆ ಅಲ್ಲಿಗೆ ಮುಗಿಯಿತು. ತೋಳಗಳು ಇವತ್ತಿಗೂ ದಿನವಿಡೀ ಓಡುತ್ತವೆ, ಅವಕ್ಕೆ ಅದು ಹಿತ. ಮುಳ್ಳಹಂದಿ ಓಡುವುದಿಲ್ಲ, ಅದಕ್ಕೆ ಅದೇ ಹಿತ. ಯಾಕೆ ಅಂತ ಯಾರೂ ಯಾರನ್ನೂ ಕೇಳುವುದಿಲ್ಲ.

ಕ್ಯಾತನಿಗೆ ಮಾತ್ರ ಸಮಾಧಾನವಿಲ್ಲ. ಸೂರ್ಯ ಮರೆತುಬಿಟ್ಟರೆ? ನಡುದಾರಿಯಲ್ಲಿ ನಿಂತುಬಿಟ್ಟರೆ? ಪ್ರತಿ ವರ್ಷವೂ ಅವನ ಮೊಟ್ಟೆ ಮಣ್ಣಿನಲ್ಲಿರುತ್ತವಲ್ಲ. ಅದಕ್ಕೇ ನೋಡು, ಬಿಸಿಲು ಬಿದ್ದ ಕೂಡಲೆ ಓತಿಕ್ಯಾತ ಸರ್ರಂತ ನಾಲ್ಕು ಹೆಜ್ಜೆ ಓಡುತ್ತಾನೆ, ಗೂಟವೋ ಕಲ್ಲೋ ಸಿಕ್ಕಿದ್ದನ್ನು ಹತ್ತಿ ನಿಲ್ಲುತ್ತಾನೆ, ಅವತ್ತು ಕೆಂಡವಾದ ಕೆಂಪು ಗಂಟಲನ್ನು ಎತ್ತಿಕೊಂಡು, ಇನ್ನೂ ಮುಂದೆ, ಇನ್ನೂ ಮುಂದೆ ಅಂತ ಸೂರ್ಯನಿಗೆ ತಲೆ ಆಡಿಸುತ್ತಾನೆ.