ದೇವರಿಗೆ ಬಿಟ್ಟ ಹೋರಿ

ಕೊಟ್ರೇಶ ಮೊದಲ ಸಲ ಮರುಳಜ್ಜನ ಕಣ್ಣಿಗೆ ಬಿದ್ದಾಗ ಅವನ ಕೈಯಲ್ಲಿ ಕೊಡಲಿ ಇತ್ತು.

ಹೊಲಕ್ಕೆ ನೀರು ಬಿಡುವ ಜಗಳದಲ್ಲಿ ಹನುಮನಗೌಡ ಕೊಟ್ರೇಶನ ಅಣ್ಣನ ಬಲಗೈ ಮುರಿದಿದ್ದ. ಆ ಕೈ ಮತ್ತೆ ಏಳಲೇ ಇಲ್ಲ. ಊರ ಹಿರಿಯರು ಗೌಡನ ಪರವಾಗಿಯೇ ಮಾತಾಡಿ ಎದ್ದುಹೋದರು. ಸಂತೆಯಿಂದ ಮರಳುವ ಗೌಡನಿಗಾಗಿ ಕೊಟ್ರೇಶ ಹೊಳೆದಂಡೆಯಲ್ಲಿ ಹೊಂಚುಹಾಕಿ ಕೂತಿದ್ದ.

ಆ ದಂಡೆಯ ಮೇಲೆಯೇ ಮರುಳಜ್ಜನ ಮಠ. ಅಜ್ಜ ಬಂದು ಅವನ ಪಕ್ಕದಲ್ಲಿ ಕೂತರು. ಎಲ್ಲವನ್ನೂ ಕೇಳಿದರು.

“ಇದನ್ನ ದೇವರಿಗೆ ಬಿಡ್ತಿಯೇನು?”

ಕೊಟ್ರೇಶ ಕೊಡಲಿಯ ಅಲಗನ್ನು ಬೆರಳಿನಿಂದ ಸವರಿದ. ಕೊನೆಗೆ “ಬಿಟ್ಟೆ” ಎಂದ. ಕೊಡಲಿಯನ್ನು ಹೊಳೆಗೆ ಎಸೆದು ಮಠದಲ್ಲೇ ಶಿಷ್ಯನಾಗಿ ಉಳಿದ.

ಕಸ ಹೊಡೆದ, ನೀರು ಹೊತ್ತ, ಮಠದ ಹೋರಿಗರುವನ್ನು ಮಗುವಿನ ಹಾಗೆ ಸಾಕಿ ದೊಡ್ಡದು ಮಾಡಿದ. ಆದರೆ ಹೊಳೆಯಾಚೆಯ ತನ್ನ ಊರಿನಿಂದ ಬಳೆಗಾರ್ತಿ ನೀಲವ್ವ ಬಂದಾಗಲೆಲ್ಲ ಅವನದು ಒಂದೇ ಪ್ರಶ್ನೆ.

“ಗೌಡಗ ಏನರ ಆತೇನಬೇ?”

“ಏನೂ ಆಗಿಲ್ಲಪ್ಪ, ಗುಂಡುಕಲ್ಲಿನಂಗ ಅದಾನ. ಪಾಪ, ನಿಮ್ಮಣ್ಣ...” ಎಂದು ಅವಳು ಶುರು ಮಾಡುವಷ್ಟರಲ್ಲಿ ಕೊಟ್ರೇಶ ಬೆನ್ನು ತಿರುಗಿಸಿರುತ್ತಿದ್ದ. ದೇವರಿಗೆ ಕೆಲಸ ಒಪ್ಪಿಸಿ, ತಾನು ಮೇಸ್ತ್ರಿಯಾಗಿ ನಿಂತಿದ್ದ ಆಸಾಮಿ.

ಒಂದು ಬೇಸಿಗೆಯಲ್ಲಿ ನೀಲವ್ವ ಬಾಯಿತುಂಬ ಸುದ್ದಿ ತಂದಳು. ಗೌಡನ ಮಗಳ ಮದುವೆ ಬಲು ಜೋರಾಯಿತಂತೆ. ಇಡೀ ಓಣಿಗೆ ಇವಳೇ ಬಳೆ ಇಟ್ಟಳಂತೆ.

ಕೊಟ್ರೇಶ ನೇರ ಅಜ್ಜನ ಮುಂದೆ ಹೋಗಿ ನಿಂತ.

“ಅಜ್ಜಾರ, ಅಪ್ಪಣೆ ಕೊಡ್ರಿ. ಹೋಗಿ ಅವನ ಕೈ ಕಡೀತೀನಿ.”

“ದೇವರಿಗೆ ಬಿಟ್ಟಿದ್ದೆಲ್ಲೋ?”

“ಬಿಟ್ಟಿದ್ನಿರಿ. ದೇವರು ಸುಮ್ಮನ ಕೂತಾನ.”

“ಹೋಗುವಿಯಂತ. ಮೊದಲು ನಮ್ಮ ಹೋರಿ ಹೊಡಕೊಂಡು ಬಾ. ಅದನ್ನೂ ಇವತ್ತ ದೇವರಿಗೆ ಬಿಡಬೇಕು.”

ದೇವರಿಗೆ ಬಿಟ್ಟ ಹೋರಿಯನ್ನು ಆಮೇಲೆ ಯಾರೂ ಕಟ್ಟುವಂತಿಲ್ಲ, ಹೊಡೆಯುವಂತಿಲ್ಲ. ಯಾರ ಹೊಲ ಹೊಕ್ಕರೂ ಅದು ಅದರ ಇಷ್ಟ. ಕೊಟ್ರೇಶ ಅದರ ಕೊರಳು ತಬ್ಬಿ ನಿಂತ. ಆದರೂ ಹೋರಿಯ ಮೈ ತೊಳೆದ, ಹಣೆಗೆ ವಿಭೂತಿ ಬಳಿದ, ತಾನೇ ಮೂಗುದಾರ ಬಿಚ್ಚಿದ.

ಹೋರಿ ಅವನ ಭುಜ ಮೂಸಿತು. ಆಮೇಲೆ ಮೊಣಕಾಲುದ್ದದ ನೀರು ದಾಟಿ ಆಚೆ ದಂಡೆಯ ಹಸಿರು ಹೊಲಕ್ಕೆ ನಡೆಯಿತು.

ಅದು ಹನುಮನಗೌಡನ ಹೊಲ. ಗೌಡನೇ ಅಲ್ಲಿದ್ದ. ಹಣೆಯ ವಿಭೂತಿ ಕಂಡು ಕೈಮುಗಿದ, ಒಂದು ಹಿಡಿ ಹಸಿಮೇವು ಕೊಯ್ದು ಅದರ ಬಾಯಿಗೆ ಹಿಡಿದ.

ಹೋರಿ ಮೇವು ತಿಂದು ಅವನ ಕೈ ನೆಕ್ಕಿತು.

“ಏ! ಆ ಕೈ ನೆಕ್ಕಬ್ಯಾಡ! ಬಾ ಇಲ್ಲಿ!”

ಕೊಟ್ರೇಶ ಕಿರುಚುತ್ತ ನೀರಿಗೆ ನುಗ್ಗಿದ.

“ಯಾರ ಹೋರಿ ಅದು?” ಅಜ್ಜ ದಂಡೆಯಿಂದಲೇ ಕೇಳಿದರು.

“ನಾ ಸಾಕಿದ್ದು!”

“ಈಗ ಯಾರದು?”

ಕೊಟ್ರೇಶ ನಡುನೀರಿನಲ್ಲಿ ನಿಂತುಬಿಟ್ಟ.

“ದೇವರದು.”

“ಮತ್ತ ಅದು ಎಲ್ಲಿ ಹೋಗಬೇಕಂತ ನೀ ಯಾಕ ಹೇಳ್ತಿ?”

ಕೊಟ್ರೇಶ ಅಜ್ಜನ ಕಡೆ ತಿರುಗಿದ. “ದೇವರು ಆ ಗೌಡನ್ನ ಹಂಗ ಬಿಟ್ಟುಬಿಟ್ರ ಏನ್ ಮಾಡೂದ್ರಿ, ಅಜ್ಜಾರ?”

“ಬಿಟ್ರ ಬಿಟ್ಟ, ಬಡಿದ್ರ ಬಡಿದ. ನಿನ್ನ ಕೇಳಿ ಮಾಡೂದಿಲ್ಲ ಅಂವ. ನೀ ಅವತ್ತ ಕೊಡಲಿ ಬಿಟ್ಟಿ, ಹಗ್ಗ ಬಿಡಲಿಲ್ಲ.”

ಕೊಟ್ರೇಶ ತನ್ನ ಕೈ ನೋಡಿಕೊಂಡ. ಬಿಚ್ಚಿದ ಮೂಗುದಾರ ಇನ್ನೂ ಮುಷ್ಟಿಯಲ್ಲೇ ಇತ್ತು. ಎಷ್ಟು ಬಿಗಿಯಾಗಿ ಹಿಡಿದಿದ್ದನೆಂದರೆ ಅಂಗೈಯಲ್ಲಿ ಅದರ ಗುರುತು ಮೂಡಿತ್ತು.

“ಸಿಟ್ಟು ಹೋಗವಲ್ದರಿ.”

“ಸಿಟ್ಟು ಹೋಗಲಿ ಅಂತ ನಾ ಅಂದಿಲ್ಲ. ಹಗ್ಗ ಬಿಡು ಅಂದೆ.”

ಕೊಟ್ರೇಶ ಹಲ್ಲು ಕಚ್ಚಿ ಒಂದೊಂದೇ ಬೆರಳು ಬಿಡಿಸಿದ. ಮೂಗುದಾರ ನೀರಿಗೆ ಬಿದ್ದು ತೇಲಿಹೋಯಿತು. ಆಚೆ ಗೌಡ ಇನ್ನೂ ನಿಂತೇ ಇದ್ದ. ಕೊಟ್ರೇಶ ಅತ್ತ ನೋಡಲಿಲ್ಲ.

“ಈಗ ನಾ ಏನ್ ಮಾಡ್ಲಿ, ಅಜ್ಜಾರ?”

“ಕೈ ಖಾಲಿ ಆತಲ್ಲ, ಊರಿಗೆ ನಡಿ. ನಿಮ್ಮಣ್ಣಗ ಒಂದು ಬಲಗೈ ಬೇಕಾಗೇತಿ.”